ಗಾಲಿಯ ಮೇಲಿನ ಮನೆ, ಮರಳಿನ ನಡುವೆ ಒಬ್ಬರೇ

ಕಳೆದ ಚಳಿಗಾಲದಲ್ಲಿ ಒಂಬತ್ತನೆಯ ಇಯತ್ತೆಯ ವಿದ್ಯಾರ್ಥಿನಿಯೊಬ್ಬಳು ಒಂದು ಚಿತ್ರವನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಕಣ್ಣು ಹಾಯಿಸಿದಷ್ಟು ದೂರ ಮರಳು. ನಡುವೆ ಒಂದು ದೊಡ್ಡ ಮೋಟಾರು. ಅದರ ಬಾಗಿಲ ಮುಂದೆ ಚಾಚಿದ ಬಟ್ಟೆಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತ ಒಬ್ಬ ವಯಸ್ಸಾದ ಹೆಂಗಸು. "ಸರ, ಇಲ್ಲಿ ನಳ ಇಲ್ಲ, ಬಾವಿ ಇಲ್ಲ, ಮಂದಿ ಇಲ್ಲ. ಈಕಿ ಒಬ್ಬಾಕಿನ ಹೆಂಗ ಇರ್ತಾಳ್ರಿ?" ಎಂದು ಕೇಳಿದಳು. ಆಗ ತಾಸು ಮುಗಿಯುವ ಗಂಟೆ ಬಾರಿಸಿತು. ನಾನು ಕೊಟ್ಟ ಉತ್ತರ ಅರ್ಧಕ್ಕೇ ನಿಂತಿತು. ಉಳಿದುದನ್ನು ಈ ಪುಟಗಳಲ್ಲಿ ಪೂರ್ತಿ ಮಾಡುತ್ತಿದ್ದೇನೆ.

ಆ ಮೋಟಾರಿಗೆ ಇಂಗ್ಲಿಷಿನಲ್ಲಿ ಮೋಟಾರ್ ಹೋಮ್ ಎಂದೂ ಕ್ಯಾರವಾನ್ ಎಂದೂ ಹೆಸರುಗಳಿವೆ. ನಾವು ಮೋಟಾರುಮನೆ ಎನ್ನೋಣ. ಒಳಗೆ ಮಲಗುವ ಹಲಗೆ, ಸಣ್ಣ ಒಲೆ, ನೀರಿನ ತೊಟ್ಟಿ, ಬಳಸಿದ ನೀರು ಸೇರುವ ಇನ್ನೊಂದು ತೊಟ್ಟಿ, ಶೌಚದ ಏರ್ಪಾಡು, ದೀಪ-ಪಂಖಾಗಳಿಗೆ ಬ್ಯಾಟರಿ, ಛಾವಣಿಯ ಮೇಲೆ ಸೌರಫಲಕ ಇರುತ್ತವೆ. ಕೇವಲ ಸಂತೋಷಕ್ಕಾಗಿ ಇಂಥ ಮನೆ ಮಾಡಿಸಿದವರಲ್ಲಿ ಮೊದಲಿಗರೆಂದು ಇಂಗ್ಲೆಂಡಿನಲ್ಲಿ ನೆಲೆಸಿದ್ದ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯರನ್ನು ಹೇಳುತ್ತಾರೆ. 1885ರಲ್ಲಿ ಅವರು ಎರಡು ಕುದುರೆ ಎಳೆಯುವ ಮನೆಗಾಡಿಯೊಂದನ್ನು ಕಟ್ಟಿಸಿಕೊಂಡು ದೇಶ ಸುತ್ತಿದರು. ಕುದುರೆಯ ಜಾಗಕ್ಕೆ ಎಂಜಿನ್ನು ಬಂದ ಮೇಲೆ ಈ ಹವ್ಯಾಸ ಜಗತ್ತಿನ ತುಂಬ ಹಬ್ಬಿತು. ನಮ್ಮ ಮಹಾರಾಷ್ಟ್ರ ಸರಕಾರವೂ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕಾಗಿ ಒಂದು ನೀತಿಯನ್ನು ಪ್ರಕಟಿಸಿದೆ.

ಹೆಸರು ಹೊಸದೇ ಹೊರತು ಸಂಗತಿ ನಮಗೆ ಹೊಸದಲ್ಲ. ಸೊಲ್ಲಾಪುರದಿಂದ ಟವೆಲು-ಚಾದರಗಳನ್ನು ಹೇರಿಕೊಂಡು ದೂರದ ನಾಡುಗಳಿಗೆ ಹೋಗುವ ಟ್ರಕ್ ಚಾಲಕನಿಗೆ ಆ ಟ್ರಕ್ಕೇ ಮನೆ. ಕ್ಯಾಬಿನ್ನಿನ ಹಿಂದಿನ ಹಲಗೆಯ ಮೇಲೆ ಅವನ ನಿದ್ದೆ, ಗಾಲಿಯ ಮರೆಯಲ್ಲಿ ಅವನ ಸ್ಟೋವು. ಕಬ್ಬು ಕಡಿಯುವ ಹಂಗಾಮು ಬಂದರೆ ಬೀಡದ ಕಡೆಯಿಂದ ಎತ್ತಿನ ಗಾಡಿ, ಟ್ರ್ಯಾಕ್ಟರುಗಳ ಮೇಲೆ ಇಡೀ ಸಂಸಾರಗಳು ಇಳಿಯುತ್ತವೆ. ನಾಲ್ಕೈದು ತಿಂಗಳು ಕಾರಖಾನೆಯ ಸುತ್ತಲಿನ ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ಇರುತ್ತವೆ. ಒಬ್ಬರಿಗೆ ಬಿಡುವಿನ ವಿಹಾರವಾದುದು ಇನ್ನೊಬ್ಬರಿಗೆ ಹೊಟ್ಟೆಯ ಪಾಡು. ಅಮೆರಿಕದಲ್ಲಿಯೂ ಹಾಗೆಯೇ ಇದೆ. 2008ರ ಆರ್ಥಿಕ ಕುಸಿತದ ನಂತರ ಮನೆ ಕಳೆದುಕೊಂಡ ಎಷ್ಟೋ ಮುದುಕ-ಮುದುಕಿಯರು ಹಳೆಯ ವ್ಯಾನುಗಳಲ್ಲಿ ಸಂಸಾರ ಹೂಡಿದರು. ಅರಿಜೋನಾದ ಮರುಭೂಮಿಯಲ್ಲಿ ಕ್ವಾರ್ಟ್ಸೈಟ್ ಎಂಬ ಸಣ್ಣ ಊರಿದೆ. ಅದರ ಹತ್ತಿರದ ಸರಕಾರಿ ಬಯಲಿನಲ್ಲಿ ಅಲ್ಪ ಶುಲ್ಕ ಕೊಟ್ಟು ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ತಂಗಲು 1983ರಿಂದ ಅವಕಾಶವಿದೆ. ಚಳಿಗಾಲದಲ್ಲಿ ಅಲ್ಲಿ ಸೇರುವ ಸಾವಿರಾರು ವಾಹನಗಳಲ್ಲಿ ವಿಹಾರಕ್ಕೆ ಬಂದವರು ಯಾರು, ಬೇರೆ ಮನೆಯೇ ಇಲ್ಲದೆ ಬಂದವರು ಯಾರು ಎಂದು ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ನೀನು ತೋರಿಸಿದ ಚಿತ್ರದ ಅಜ್ಜಿ ಯಾವ ಬಗೆಯವಳೋ!

(ಆ ಊರಿನ ಸ್ಮಶಾನದಲ್ಲಿ ಒಂದು ಪಿರಮಿಡ್ಡಿನ ತುದಿಯಲ್ಲಿ ತಾಮ್ರದ ಒಂಟೆ ನಿಂತಿದೆ. 1856ರಲ್ಲಿ ಅಮೆರಿಕದ ಸೈನ್ಯ ಮರುಭೂಮಿಯ ಸಾಗಾಟಕ್ಕೆಂದು ಒಂಟೆಗಳನ್ನು ತರಿಸಿದಾಗ ಅವುಗಳ ಜೊತೆ ಬಂದ ಹಾಜಿ ಅಲಿ ಎಂಬ ಒಂಟೆಗಾರನ ಗೋರಿ ಅದು. ಅಲ್ಲಿಯ ಜನರ ನಾಲಿಗೆಯಲ್ಲಿ ಅವನ ಹೆಸರು 'ಹಾಯ್ ಜಾಲಿ' ಆಯಿತು. 1902ರಲ್ಲಿ ಅವನು ಅಲ್ಲಿಯೇ ತೀರಿಕೊಂಡ.)

ಇನ್ನು ಮರುಭೂಮಿ. ವರುಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಪ್ರದೇಶವನ್ನು ಸಾಮಾನ್ಯವಾಗಿ ಮರುಭೂಮಿ ಎನ್ನುತ್ತಾರೆಂದು ಭೂಗೋಳದಲ್ಲಿ ಓದಿದ್ದೀರಿ. ಜೈಸಲ್ಮೇರಿನ ಮಳೆ 200 ಮಿಲಿಮೀಟರಿನ ಆಸುಪಾಸು. ಸೊಲ್ಲಾಪುರದ್ದು ಸುಮಾರು ಐದೂವರೆ ನೂರು. ಆದ್ದರಿಂದ ನಮ್ಮದು ಮರುಭೂಮಿಯಲ್ಲ, ಸಹ್ಯಾದ್ರಿಯ ಮಳೆನೆರಳಿನ ನಾಡು. ಆದರೂ ದೂರದ ಬಳಗವೆನ್ನಬಹುದು. ಜೈಸಲ್ಮೇರಿನ ಮರುಭೂಮಿ ರಾಷ್ಟ್ರೀಯ ಉದ್ಯಾನದಲ್ಲಿ ಬದುಕಿರುವ ಮಾಳಢೋಕ ಹಕ್ಕಿಗಾಗಿಯೇ ನಮ್ಮ ನಾನ್ನಜದ ಹುಲ್ಲುಮಾಳವನ್ನು 1979ರಲ್ಲಿ ಅಭಯಾರಣ್ಯವೆಂದು ಸಾರಿದರು. ಈಗ ಅಲ್ಲಿ ಅದು ಕಣ್ಣಿಗೆ ಬೀಳುವುದೇ ಅಪರೂಪ. 1972ರ ಬರವನ್ನು ಕಂಡ ಹಿರಿಯರು ನಿಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕೇಳಿ ನೋಡಿ. ಕಲ್ಲು ಒಡೆಯುವ ಕೆಲಸಕ್ಕೆ ಹೋದುದನ್ನು ಆಮೇಲೆ ಹೇಳುತ್ತಾರೆ, ಮೊದಲು ನೀರಿನ ಮಾತೇ ಬರುತ್ತದೆ.

ಮರುಭೂಮಿಗೆ ಒಬ್ಬರೇ ಹೋಗುವವರ ಮೊದಲ ಲೆಕ್ಕವೂ ನೀರಿನದೇ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ನಮ್ಮ ಮೈಯ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಹೊರಗಿನ ಗಾಳಿ ಅದಕ್ಕಿಂತ ತಂಪಾಗಿದ್ದರೆ ಮೈಯ ಉಷ್ಣ ತಾನಾಗಿಯೇ ಗಾಳಿಗೆ ಹೋಗುತ್ತದೆ. ಗಾಳಿಯೇ 42 ಡಿಗ್ರಿ ಆದಾಗ ಉಷ್ಣ ಹೊರಗಿನಿಂದ ಮೈಗೆ ಬರತೊಡಗುತ್ತದೆ. ಆಗ ಉಳಿಯುವ ಉಪಾಯ ಒಂದೇ, ಬೆವರು ಆವಿಯಾಗುವುದು. ಒಂದು ಲೀಟರು ಬೆವರು ಪೂರ್ತಿಯಾಗಿ ಆವಿಯಾದರೆ ಮೈಯಿಂದ ಸುಮಾರು 580 ಕಿಲೋಕ್ಯಾಲರಿ ಉಷ್ಣವನ್ನು ಒಯ್ಯುತ್ತದೆ. ಅದೆಷ್ಟು ಎಂದರೆ, 27 ಡಿಗ್ರಿಯಲ್ಲಿರುವ ಎಂಟು ಲೀಟರು ನೀರನ್ನು ಕುದಿಯುವವರೆಗೆ ಕಾಯಿಸಲು ಬೇಕಾಗುವಷ್ಟು. ಬಿಸಿಲಿನಲ್ಲಿ ದುಡಿಯುವವನು ತಾಸಿಗೆ ಒಂದು ಲೀಟರಿನವರೆಗೂ ಬೆವರಬಲ್ಲನು. ಮರುಭೂಮಿಯ ಒಣಗಾಳಿಯಲ್ಲಿ ಬೆವರು ಹುಟ್ಟಿದ ಕೂಡಲೆ ಆರಿಹೋಗುತ್ತದೆ. ಅಂಗಿ ತೊಯ್ಯುವುದಿಲ್ಲ. "ನನಗೆ ಬೆವರೇ ಬರಲಿಲ್ಲ" ಎಂದುಕೊಂಡವನು ನೀರು ಕಳೆದುಕೊಂಡುದು ಅವನಿಗೇ ಗೊತ್ತಾಗುವುದಿಲ್ಲ. ಅಪಾಯವಿರುವುದು ಇಲ್ಲಿಯೇ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಡಾಲ್ಫ್ ಎಂಬ ಅಮೆರಿಕದ ಶರೀರಶಾಸ್ತ್ರಜ್ಞರು ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿ ಸೈನಿಕರನ್ನು ಇಟ್ಟುಕೊಂಡು ಇದನ್ನೇ ಅಭ್ಯಾಸ ಮಾಡಿದರು. ಅವರ ಗ್ರಂಥ 1947ರಲ್ಲಿ ಹೊರಬಂದಿತು. ನೀರನ್ನು ಗುಟುಕು ಗುಟುಕಾಗಿ ಉಳಿಸಿಕೊಂಡು ಬಂದರೆ ಹೆಚ್ಚು ದಿನ ಬದುಕಬಹುದೆಂದು ಆವರೆಗೆ ಜನ ನಂಬಿದ್ದರು. ಅದು ತಪ್ಪೆಂದು ಅವರು ತೋರಿಸಿದರು. ಬಾಯಾರಿದಾಗ ಕುಡಿಯದೆ ಸೀಸೆಯಲ್ಲಿ ಉಳಿಸಿಟ್ಟ ನೀರು ಮೈಗೆ ಉಪಯೋಗವಿಲ್ಲ. ಸೀಸೆಯಲ್ಲಿ ನೀರಿರುವಾಗಲೇ ಬಿಸಿಲಿಗೆ ಬಿದ್ದು ಸತ್ತವರೂ ಇದ್ದಾರೆ. ಉಳಿಸಬೇಕಾದುದು ಬೆವರನ್ನು. ಅಂದರೆ ಹಗಲು ನೆರಳಿನಲ್ಲಿ ಅಲುಗಾಡದೆ ಕೂಡ್ರಬೇಕು, ಕೆಲಸವನ್ನೆಲ್ಲ ಬೆಳಗಿನ ಝಾವ ಅಥವಾ ಸಂಜೆ ಮಾಡಬೇಕು, ಮೈ ತುಂಬ ಬಟ್ಟೆ ಹಾಕಿಕೊಂಡಿರಬೇಕು. ನಮ್ಮ ಹೊಲದ ಆಳುಗಳು ಮಟಮಟ ಮಧ್ಯಾಹ್ನ ಬೇವಿನ ಮರದ ಬುಡದಲ್ಲಿ ಅಡ್ಡಾಗುವುದನ್ನು ಸೋಮಾರಿತನ ಎನ್ನುವ ಪೇಟೆಯವರು ಇದನ್ನು ಓದಬೇಕು. ಅಡಾಲ್ಫರ ಲೆಕ್ಕದಂತೆ 49 ಡಿಗ್ರಿ ಬಿಸಿಲಿನ ದಿನಗಳಲ್ಲಿ ಒಂದು ಹನಿಯೂ ನೀರಿಲ್ಲದವನು ನೆರಳಿನಲ್ಲಿ ಸುಮ್ಮನೆ ಕುಳಿತರೂ ಬದುಕುವುದು ಸುಮಾರು ಎರಡು ದಿನ.

ಹಾಗಾದರೆ ಎಷ್ಟು ನೀರು ಒಯ್ಯಬೇಕು? ಕುಡಿಯಲು ದಿನಕ್ಕೆ 6 ಲೀಟರು, ಅಡಿಗೆ ಮತ್ತು ಪಾತ್ರೆಗೆ 2, ಮೈ-ಕೈ ಒರೆಸಲು 2 ಎಂದು ಹಿಡಿಯಿರಿ. ದಿನಕ್ಕೆ 10, ಐದು ದಿನಕ್ಕೆ 50. ಮೋಟಾರು ಕೆಟ್ಟು ನಿಂತರೆ ಎಂದು ಅದರ ಅರ್ಧ ಹೆಚ್ಚಿಗೆ, ಒಟ್ಟು 75. ಒಂದು ಲೀಟರು ನೀರಿನ ತೂಕ ಒಂದು ಕಿಲೋಗ್ರಾಂ. ಅಂದರೆ ಒಬ್ಬರೇ ಹೊರಟವರು ಜೊತೆಗೆ 75 ಕಿಲೋ ತೂಕದ ಇನ್ನೊಬ್ಬರನ್ನು ಕೂಡ್ರಿಸಿಕೊಂಡು ಹೋದಂತಾಯಿತು. ಅದೂ ಒಂದೇ ತೊಟ್ಟಿಯಲ್ಲಿ ಇರಬಾರದು, ನಾಲ್ಕೈದು ಡಬ್ಬಿಗಳಲ್ಲಿ ಹಂಚಿರಬೇಕು. ಒಂದು ಸೋರಿದರೆ ಉಳಿದವು ಇರುತ್ತವೆ.

ಸೊಲ್ಲಾಪುರ ಪೇಟೆಯಲ್ಲಿ ನಳಕ್ಕೆ ನೀರು ಬರುವ ದಿನವನ್ನು ಕಾದು ಕೊಡ-ಪೀಪಾಯಿ ತುಂಬಿಡುವ ನಿಮ್ಮ ತಾಯಂದಿರಿಗೆ ಈ ಗಣಿತವನ್ನು ಯಾರೂ ಕಲಿಸಬೇಕಾಗಿಲ್ಲ. ಗಾಲಿಯ ಮೇಲೆ ನೀರು ಹೋಗುವುದನ್ನೂ ನಾವು ಕಂಡಿದ್ದೇವೆ. 2016ರ ಏಪ್ರಿಲಿನಲ್ಲಿ ಮಿರಜದಿಂದ ಲಾತೂರಿಗೆ ಹೊರಟ ಮೊದಲ ನೀರಿನ ರೈಲು ಹತ್ತು ಟಾಕಿಗಳಲ್ಲಿ ಐದು ಲಕ್ಷ ಲೀಟರು ನೀರು ಹೊತ್ತು ನಮ್ಮ ಜಿಲ್ಲೆಯನ್ನು ಹಾಯ್ದೇ ಹೋಯಿತು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಹನ್ನೆರಡನೆಯ ಶತಮಾನದಲ್ಲಿ ಬೇರೆಲ್ಲ ಬಿಟ್ಟು ಕೆರೆ ಕಟ್ಟಿಸಲು ಯಾಕೆ ನಿಂತರೆಂಬುದು ಈ ನಾಡಿನವರಿಗೆ ಬೇಗ ತಿಳಿಯುತ್ತದೆ.

ಆಹಾರದ ವಿಷಯದಲ್ಲಿ ನಮ್ಮವರೇ ಮುಂದೆ. ಬೇಯಿಸುವ ಆಹಾರಕ್ಕೆ ನೀರು ಬೇಕು, ಇಂಧನ ಬೇಕು, ಪಾತ್ರೆ ತಿಕ್ಕಲು ಮತ್ತೆ ನೀರು ಬೇಕು. ಮಾಲದಂಡಿ ಜೋಳದ ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಗೆ ಇದು ಯಾವುದೂ ಬೇಡ. ಹದಿನೈದು ದಿನ ಇಟ್ಟರೂ ಕೆಡುವುದಿಲ್ಲ. ಚಟ್ನಿಯ ಉಪ್ಪು ಬೆವರಿನೊಡನೆ ಹೋದ ಉಪ್ಪನ್ನು ತುಂಬಿಕೊಡುತ್ತದೆ. ಜೊತೆಗೆ ನೀರು ಮಾತ್ರ ಧಾರಾಳವಾಗಿ ಕುಡಿಯಬೇಕು, ಇಲ್ಲದಿದ್ದರೆ ಖಾರ ಬೇರೆಯೇ ಪಾಠ ಹೇಳುತ್ತದೆ.

ನೀರು ಮನುಷ್ಯನಿಗಷ್ಟೇ ಅಲ್ಲ, ಎಂಜಿನ್ನಿಗೂ ಬೇಕು. ಇದರ ಬಗ್ಗೆ ಒಂದು ಸ್ವಾರಸ್ಯದ ಕಥೆಯಿದೆ. ಬ್ಯಾಗ್ನಾಲ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿ 1920 ಮತ್ತು 30ರ ದಶಕಗಳಲ್ಲಿ ಸಾಮಾನ್ಯ ಫೋರ್ಡ್ ಮೋಟಾರುಗಳಲ್ಲಿ ಲಿಬಿಯದ ಮರುಭೂಮಿಯನ್ನು ಸುತ್ತಿದರು. ಆಗಿನ ಮೋಟಾರುಗಳಲ್ಲಿ ಎಂಜಿನ್ನು ಕಾಯ್ದರೆ ರೇಡಿಯೇಟರಿನ ನೀರು ಕುದಿದು ಹಬೆಯಾಗಿ ಒಂದು ನಳಿಕೆಯಿಂದ ಹೊರಗೆ ಹೋಗಿಬಿಡುತ್ತಿತ್ತು. ಕುಡಿಯುವ ನೀರನ್ನೇ ಅದಕ್ಕೆ ಸುರಿಯಬೇಕು. ಬ್ಯಾಗ್ನಾಲ್ಡ್ ಏನು ಮಾಡಿದರು? ಆ ನಳಿಕೆಗೆ ರಬ್ಬರಿನ ಕೊಳವೆ ಜೋಡಿಸಿ, ಅದರ ತುದಿಯನ್ನು ಮೋಟಾರಿನ ಪಕ್ಕಕ್ಕೆ ಬಿಗಿದ, ಅರ್ಧ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿದರು. ಹಬೆ ತಣ್ಣೀರಿಗೆ ಬಂದು ಮತ್ತೆ ನೀರಾಯಿತು. ಇದೇ ಸಾಂದ್ರೀಕರಣ. ಕೊನೆಗೆ ಡಬ್ಬಿಯ ನೀರೂ ಕಾಯ್ದು ಕುದಿಯತೊಡಗಿದಾಗ ಮೋಟಾರನ್ನು ಗಾಳಿಗೆ ಮುಖಮಾಡಿ ನಿಲ್ಲಿಸುತ್ತಿದ್ದರು. ರೇಡಿಯೇಟರು ತಣಿದಂತೆ ಒಳಗಿನ ಹಬೆ ಕುಗ್ಗಿ ಒತ್ತಡ ಇಳಿಯುತ್ತಿತ್ತು. ಹೊರಗಿನ ವಾಯುಭಾರವು ಡಬ್ಬಿಯ ನೀರನ್ನು ಗಟಗಟನೆ ರೇಡಿಯೇಟರಿಗೆ ಹಿಂದಕ್ಕೆ ತಳ್ಳುತ್ತಿತ್ತು. ಒಂದು ಹನಿಯೂ ವ್ಯರ್ಥವಿಲ್ಲ. ಇಂದಿನ ಮೋಟಾರುಗಳಲ್ಲಿ ಎಂಜಿನ್ನಿನ ಹತ್ತಿರ ಕಾಣುವ ಬಿಳಿಯ ಪ್ಲಾಸ್ಟಿಕ್ ಡಬ್ಬಿ ಮಾಡುವ ಕೆಲಸವೂ ಇದೇ ಜಾತಿಯದು. ಎಂಟನೆಯ ಇಯತ್ತೆಯ ವಿಜ್ಞಾನ ಪುಸ್ತಕಕ್ಕಿಂತ ಹೆಚ್ಚಿನದೇನೂ ಇದರಲ್ಲಿ ಬೇಕಾಗಿರಲಿಲ್ಲ ಎಂಬುದು ನನಗೆ ಬಹಳ ಹಿಡಿಸಿದ ಮಾತು. ಇಷ್ಟು ಬಲ್ಲ ಬ್ಯಾಗ್ನಾಲ್ಡರು ಒಂಟಿ ಮೋಟಾರಿನಲ್ಲಿ ಹೋಗಲಿಲ್ಲ, ಮೂರು-ನಾಲ್ಕು ಮೋಟಾರುಗಳ ಜೊತೆ ಕಟ್ಟಿಕೊಂಡೇ ಹೋದರು ಎಂಬುದನ್ನೂ ನೆನಪಿಡಿ.

ಮರಳಿನಲ್ಲಿ ಗಾಲಿ ಹೂಳುವುದು ಇನ್ನೊಂದು ತೊಡಕು. ಬೋರಿ ನದಿಯ ಪಾತ್ರದಲ್ಲಿ ಕಬ್ಬಿಣದ ಪಟ್ಟಿಯ ಗಾಡಿ ಸಿಕ್ಕಿಬಿದ್ದುದನ್ನು ಹಿರಿಯರು ಕಂಡಿರುತ್ತಾರೆ. ಒತ್ತಡವೆಂದರೆ ಭಾರವನ್ನು ಕ್ಷೇತ್ರಫಲದಿಂದ ಭಾಗಿಸಿದ್ದು. ಮೋಟಾರುಮನೆಯ ತೂಕ 3000 ಕಿಲೋ, ಟಾಯರಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 2.8 ಕಿಲೋ ಇದ್ದರೆ ನಾಲ್ಕೂ ಟಾಯರು ಸೇರಿ ನೆಲಕ್ಕೆ ತಾಗುವ ಜಾಗ ಸುಮಾರು 1070 ಚದರ ಸೆಂಟಿಮೀಟರು. ಗಾಳಿಯನ್ನು ಅರ್ಧಕ್ಕಿಳಿಸಿದರೆ ಟಾಯರು ಚಪ್ಪಟೆಯಾಗಿ ಆ ಜಾಗ ಎರಡು ಪಟ್ಟಾಗುತ್ತದೆ, ಮರಳಿನ ಮೇಲೆ ಬೀಳುವ ಒತ್ತಡ ಅರ್ಧವಾಗುತ್ತದೆ. ಒಂಟೆಯ ಅಗಲ ಪಾದದ ಗುಟ್ಟೂ ಇದೇ. ಆದರೆ ಡಾಂಬರು ರಸ್ತೆಗೆ ಬಂದ ಕೂಡಲೆ ಗಾಳಿ ತುಂಬದಿದ್ದರೆ ಅದೇ ಟಾಯರು ಕಾಯ್ದು ಸಿಡಿಯುತ್ತದೆ. ಆದ್ದರಿಂದ ಪಂಪು ಜೊತೆಯಲ್ಲಿರಲೇಬೇಕು. ಬ್ಯಾಟರಿಯ ಲೆಕ್ಕ ಇನ್ನೂ ಸುಲಭ. 12 ವೋಲ್ಟಿನ 100 ಆಂಪಿಯರ್-ತಾಸಿನ ಬ್ಯಾಟರಿಯಲ್ಲಿ 1200 ವಾಟ್-ತಾಸು ಶಕ್ತಿ. ಸೀಸದ ಬ್ಯಾಟರಿಯಾದರೆ ಅರ್ಧ ಮಾತ್ರ ಬಳಸುವುದು ಕ್ಷೇಮ. ದೀಪ, ಪಂಖಾ, ಮೊಬೈಲಿಗೆ ಅದು ಧಾರಾಳ. ತಂಪುಪೆಟ್ಟಿಗೆ ಇಟ್ಟರೆ ಅದೊಂದೇ ಎಲ್ಲವನ್ನೂ ನುಂಗುತ್ತದೆ.

ತಗಡಿನ ಪೆಟ್ಟಿಗೆಯಲ್ಲಿ ವಾಸ ಮಾಡುವುದು ಎಷ್ಟು ಕಷ್ಟವೆಂದು ತಗಡಿನ ಮನೆಯವರಿಗೆ ಗೊತ್ತು. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಮೋಟಾರಿನ ಒಳಗಿನ ಉಷ್ಣತೆ ಅರ್ಧ ತಾಸಿನಲ್ಲಿ ಸುಮಾರು 20 ಡಿಗ್ರಿ ಏರುತ್ತದೆ. ಅದಕ್ಕೆ ಮೋಟಾರುಮನೆಯವರು ಅದರ ಕಿರಿದಾದ ಬದಿ ಪಡುವಣಕ್ಕೆ ಬರುವಂತೆ ನಿಲ್ಲಿಸುತ್ತಾರೆ. ಬಾಗಿಲ ಮುಂದೆ ಬಟ್ಟೆಯ ಚಪ್ಪರ ಎಳೆಯುತ್ತಾರೆ. ನಮ್ಮ ಹಳೆಯ ಮೇಲ್ಮುದ್ದೆ ಮನೆಗಳ ದಪ್ಪ ಗೋಡೆ ಹಗಲಿನ ಉಷ್ಣವನ್ನು ಒಳಗೆ ಬಿಡದೆ ತಡೆಯುತ್ತದೆ. ತಗಡಿಗೆ ಆ ಗುಣವಿಲ್ಲ. ರಾತ್ರಿಯಾದರೆ ಅದೇ ತಗಡು ಬೇಗ ತಣ್ಣಗಾಗುತ್ತದೆ. ಮೋಡವಿಲ್ಲದ, ತೇವವಿಲ್ಲದ ಆಕಾಶಕ್ಕೆ ನೆಲದ ಉಷ್ಣವೆಲ್ಲ ಹೊರಟುಹೋಗುತ್ತದೆ. ಥಾರಿನ ಜನವರಿ ರಾತ್ರಿಗಳಲ್ಲಿ ಹಲ್ಲು ಕಟಕಟಿಸುವ ಚಳಿ. ಆಗ ಕೆಲವರು ಮಾಡುವ ಒಂದು ತಪ್ಪು ಪ್ರಾಣಕ್ಕೇ ಬರುತ್ತದೆ. ಶಗಡಿಯಲ್ಲಿ ಇದ್ದಿಲು ಹೊತ್ತಿಸಿ ಒಳಗಿಟ್ಟುಕೊಂಡು ಬಾಗಿಲು ಮುಚ್ಚಿ ಮಲಗುತ್ತಾರೆ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ. ಕಂಬಳಿ ಇನ್ನೊಂದು ಹೊದ್ದುಕೊಳ್ಳಿ, ಶಗಡಿ ಹೊರಗೇ ಇರಲಿ. ಇದನ್ನು ಮರುಭೂಮಿಗೆ ಹೋಗದವರೂ ತಿಳಿದಿರಬೇಕು.

ತಂಗುವ ಜಾಗದ ವಿಷಯ. ನುಣುಪಾದ ಮರಳು, ಎರಡೂ ಕಡೆ ದಂಡೆಯ ಮರೆ, ಗಾಳಿಯ ಕಾಟವಿಲ್ಲ ಎಂದು ಒಣಗಿದ ಹಳ್ಳದ ಪಾತ್ರವೇ ಕಣ್ಣಿಗೆ ಚೆಂದ ಕಾಣುತ್ತದೆ. ಅಲ್ಲಿ ಎಂದೂ ಮಲಗಬಾರದು. ಮರುಭೂಮಿಯ ಗಟ್ಟಿ ನೆಲ ಮಳೆಯನ್ನು ಬೇಗ ಹೀರುವುದಿಲ್ಲ, ಎಲ್ಲೋ ದೂರ ಬಿದ್ದ ಮಳೆ ಒಮ್ಮೆಲೇ ಹಳ್ಳಕ್ಕೆ ನುಗ್ಗುತ್ತದೆ. ಮೇಲೆ ನಕ್ಷತ್ರ ಮಿನುಗುತ್ತಿರುವಾಗಲೇ ನೀರು ಬರುತ್ತದೆ. ನಮ್ಮ ಬೋರಿ ನದಿಯೇ ಇದಕ್ಕೆ ಉದಾಹರಣೆ. ಮಳೆ ತುಳಜಾಪುರ, ನಳದುರ್ಗದ ಕಡೆ ಬೀಳುತ್ತದೆ, ಹೊಳೆ ಬರುವುದು ಅಕ್ಕಲಕೋಟ ತಾಲೂಕಿಗೆ. 2020ರ ಅಕ್ಟೋಬರಿನಲ್ಲಿ ಬೋರಿ ಉಕ್ಕಿ ದಂಡೆಯ ಊರುಗಳಿಗೆ ಮಾಡಿದ ಹಾನಿಯನ್ನು ನಿಮ್ಮಲ್ಲಿ ಕೆಲವರು ಕಣ್ಣಾರೆ ನೋಡಿದ್ದೀರಿ. ಥಾರಿನಲ್ಲಾದರೆ ಇನ್ನೊಂದು ಮಾತೂ ಇದೆ. ಅಲ್ಲಿಯ ಬಯಲು ಬರಿದಾಗಿ ಕಂಡರೂ ಅದಕ್ಕೆ ಒಡೆಯರಿದ್ದಾರೆ. ಊರವರನ್ನು ಕೇಳಿ ನಿಲ್ಲಬೇಕು. ಅವರ ಟಾಂಕಾ ಎಂಬ ನೆಲಮಾಳಿಗೆಯ ತೊಟ್ಟಿಯಲ್ಲಿ ಕೂಡಿಟ್ಟ ಮಳೆನೀರು ಒಂದು ಮನೆತನದ ವರುಷದ ಬದುಕು. ಅದನ್ನು ಕೇಳದೆ ಮುಟ್ಟಬಾರದು. ಗಡಿಯ ಹತ್ತಿರ ಪರವಾನಗಿಯಿಲ್ಲದೆ ಹೋಗುವಂತೆಯೂ ಇಲ್ಲ.

ಇನ್ನು 'ಒಬ್ಬರೇ' ಎಂಬ ಮಾತು. ಒಬ್ಬರೇ ಹೋಗುವುದು ಆಗದ ಮಾತೇನಲ್ಲ. ರಾಬಿನ್ ಡೇವಿಡ್‌ಸನ್ ಎಂಬ ತರುಣಿ 1977ರಲ್ಲಿ ನಾಲ್ಕು ಒಂಟೆ, ಒಂದು ನಾಯಿಯೊಡನೆ ಆಸ್ಟ್ರೇಲಿಯದ ಆಲಿಸ್ ಸ್ಪ್ರಿಂಗ್ಸ್‌ನಿಂದ ಹಿಂದೂ ಮಹಾಸಾಗರದವರೆಗೆ ಸುಮಾರು 2,700 ಕಿಲೋಮೀಟರು ನಡೆದಳು. ಆದರೆ ಹೊರಡುವ ಮುಂಚೆ ಒಂಟೆ ಪಳಗಿಸುವುದನ್ನು ಕಲಿಯುವುದಕ್ಕೇ ಅವಳು ವರುಷಗಟ್ಟಲೆ ದುಡಿದಳು. ಅದೇ ದೇಶದಲ್ಲಿ 1963ರ ಡಿಸೆಂಬರಿನಲ್ಲಿ ಬರ್ಡ್ಸ್‌ವಿಲ್ ಮಾರ್ಗವೆಂಬ ಮರುಭೂಮಿಯ ದಾರಿಯಲ್ಲಿ ತಂದೆ, ತಾಯಿ, ಮೂವರು ಮಕ್ಕಳಿದ್ದ ಕುಟುಂಬವೊಂದರ ಮೋಟಾರಿನಲ್ಲಿ ಪೆಟ್ರೋಲು ಮುಗಿಯಿತು. ಎರಡೇ ದಿನದ ನೀರಿದೆ ಎಂದು ಚೀಟಿ ಬರೆದಿಟ್ಟರು. ಆಮೇಲೆ ಮೋಟಾರನ್ನು ಬಿಟ್ಟು ನಡೆದರು. ಐವರೂ ಸತ್ತರು. ಬಯಲಿನಲ್ಲಿ ನಿಂತ ಮೋಟಾರು ದೂರದಿಂದ, ವಿಮಾನದಿಂದ ಕಾಣುತ್ತದೆ, ನಡೆಯುವ ಮನುಷ್ಯ ಕಾಣುವುದಿಲ್ಲ. ಮೋಟಾರು ನೆರಳು ಕೊಡುತ್ತದೆ, ನಡಿಗೆ ಬೆವರು ಸುರಿಸುತ್ತದೆ. ಕೆಟ್ಟ ಮೋಟಾರಿನ ಬಳಿಯೇ ಇರಬೇಕೆಂದು ಎಲ್ಲ ದೇಶದ ಮರುಭೂಮಿಯ ಜನ ಹೇಳುವುದು ಇದಕ್ಕೇ.

ಇದನ್ನು ಓದಿ ತಿಳಿದ ನಾನೇ ಒಮ್ಮೆ ತಪ್ಪಿದ್ದೇನೆ. ನಾಚಿಕೆಯಾದರೂ ಬರೆಯುತ್ತೇನೆ. ಹತ್ತು-ಹನ್ನೆರಡು ವರುಷಗಳ ಹಿಂದಿನ ಮೇ ತಿಂಗಳು. ಭೀಮಾ ದಂಡೆಯ ಹಳ್ಳಿಯೊಂದರಲ್ಲಿ ಹಳೆಯ ವಿದ್ಯಾರ್ಥಿಯ ಮದುವೆ. ಅಕ್ಕಲಕೋಟದಿಂದ ಮೋಟಾರ್ ಸೈಕಲ್ಲಿನ ಮೇಲೆ ಹೊರಟವನು ಎಂಟು ಕಿಲೋಮೀಟರು ಉಳಿಯುತ್ತದೆಂದು ಮಾಳದ ಅಡ್ಡದಾರಿ ಹಿಡಿದೆ. ನಡುದಾರಿಯಲ್ಲಿ ಪೆಟ್ರೋಲು ಮುಗಿಯಿತು. ಮೊಬೈಲು ಮುಂಜಾನೆಯೇ ಸತ್ತಿತ್ತು. ಸೀಸೆಯಲ್ಲಿ ಅರ್ಧ ನೀರು. ಒಂದು ಗಂಟೆಯ ಬಿಸಿಲು. ಗಾಡಿಯನ್ನು ಅಲ್ಲಿಯೇ ಬಿಟ್ಟು, ಊರು ಇಲ್ಲೇ ಇದ್ದೀತೆಂದು ನಡೆಯತೊಡಗಿದೆ. ಅರ್ಧ ತಾಸಿನಲ್ಲಿ ನೀರು ಮುಗಿಯಿತು. ಇನ್ನರ್ಧ ತಾಸಿಗೆ ತಲೆ ಸಿಡಿಯತೊಡಗಿತು. ಆಮೇಲೆ ಯಾವ ದಿಕ್ಕಿಗೆ ಹೋಗುತ್ತಿದ್ದೇನೆಂಬುದೇ ಮಸಕಾಯಿತು. ವಿಚಿತ್ರವೆಂದರೆ ಆಗ ಹೆದರಿಕೆ ಇರಲಿಲ್ಲ. ಒಂದು ಬಗೆಯ ಬೇಸರ ಮಾತ್ರ ಇತ್ತು. ಕೂತುಬಿಡಬೇಕು ಎನಿಸುತ್ತಿತ್ತು.

ಕುರಿಯ ಗಂಟೆಯ ಸದ್ದು ಕೇಳಿ ತಿರುಗಿದೆ. ಕುರಿ ಕಾಯುವ ಹಿರಿಯನೊಬ್ಬ ಮೂರು ಕೋಲಿನ ಮೇಲೆ ಕಂಬಳಿ ಹರವಿ ಅದರ ಕೆಳಗೆ ಕುಳಿತಿದ್ದ. ಪಕ್ಕದಲ್ಲಿ ತೊಯ್ದ ಗೋಣಿತಟ್ಟು ಸುತ್ತಿದ ನೀರಿನ ಕ್ಯಾನು. "ಬರ್ರಿ, ಬರ್ರಿ, ನೆಳ್ಳಿಗಿ ಕೂಡ್ರಿ" ಎಂದು ತಾನೇ ಎದ್ದು ಕೈ ಹಿಡಿದು ಕೂಡ್ರಿಸಿದ. ತಂಬಿಗೆ ತುಂಬ ನೀರು ಕೊಟ್ಟ. "ಸಾವಕಾಶ ಕುಡೀರಿ. ಖರೆ, ಪೂರಾ ಕುಡೀರಿ." ತಟ್ಟಿನ ತೇವ ಆವಿಯಾಗಿ ಕ್ಯಾನಿನ ನೀರು ತಣ್ಣಗಾಗಿತ್ತು. ವರ್ಗದಲ್ಲಿ ಎಷ್ಟೋ ಸಲ ಹೇಳಿಕೊಟ್ಟ ಪಾಠ. ಕಲಿಸುವಾಗ ಅದು ನನಗೆ ಅಷ್ಟು ರುಚಿಸಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಕೇಳಿದ: "ಮಾಸ್ತರ್ರಿ, ಈ ಹಾದಿಲೆ ಬರ್ತೀನಂತ ಯಾರಿಗಿ ಹೇಳಿ ಬಂದೀರಿ?"

"ಯಾರಿಗೂ ಹೇಳಿಲ್ಲಪ್ಪ. ಮನ್ಯಾಗ ಮದುವಿಗಿ ಅಂತ ಗೊತ್ತದ. ದಾರಿ ಗೊತ್ತಿಲ್ಲ."

"ನಾ ದಿನಾ ಒಬ್ಬಾವನ ಇರ್ತೀನ್ರಿ ಮಾಳದಾಗ. ಆದ್ರ ಮುಂಜಾನಿ ಕುರಿ ಬಿಡೂ ಮುಂದ ಸಂಜೀಕ ಯಾರ ಹೊಲದಾಗ ಕುರಿ ತರುಬೂದು ಅಂತ ಹೇಳೇ ಬಿಡ್ತೀನಿ. ಹೊತ್ತು ಮುಳುಗೂದ್ರಾಗ ನಾ ಬರ್ಲಿಲ್ಲಂದ್ರ ಹುಡುಕ್ಕೋತ ಬರ್ತಾರ. ನಿಮ್ಮನ್ನ ಎಲ್ಲಿ ಅಂತ ಹುಡುಕ್ಬೇಕ್ರಿ?"

ಅವನ ಸಂಸಾರ ಕುದುರೆಯ ಮೇಲೆ ಸಾಮಾನು ಹೇರಿಕೊಂಡು ಮುಂದಿನ ಹೊಲಕ್ಕೆ ಹೋಗಿತ್ತು. ರಾತ್ರಿ ಕುರಿ ತರುಬಿದ್ದಕ್ಕೆ ಹೊಲದವರು ಜೋಳ ಕೊಡುತ್ತಾರೆ, ಹೊಲಕ್ಕೆ ಗೊಬ್ಬರವಾಗುತ್ತದೆ. ದೀಪಾವಳಿಯಿಂದ ಮಿರಗದ ಮಳೆಯವರೆಗೆ ಅವರದು ಹೀಗೆಯೇ. ಬಿಸಿಲಿಗೆ ನೆರಳು, ಚಳಿಗೆ ಹೊದಿಕೆ, ಮಳೆಗೆ ಕೊಪ್ಪೆ ಎಲ್ಲವೂ ಆ ಒಂದೇ ಕಂಬಳಿ. ಬಿಸಿಲು ಇಳಿದ ಮೇಲೆ ಅವನೇ ನನ್ನನ್ನು ಡಾಂಬರು ರಸ್ತೆಯವರೆಗೆ ಬಿಟ್ಟುಹೋದ. ಮದುವೆ ಮುಗಿದಿತ್ತು. ಊಟ ಮಾತ್ರ ಸಿಕ್ಕಿತು.

ಮೋಟಾರುಮನೆಯಲ್ಲಿ ಒಬ್ಬರೇ ಹೋಗುವ ಬಲ್ಲವರು ಮಾಡುವುದೂ ಆ ಕುರಿಗಾರ ಮಾಡುವುದನ್ನೇ. ಯಾವ ದಾರಿ, ಎಲ್ಲಿ ತಂಗುವುದು, ಯಾವ ದಿನ ಎಷ್ಟು ಗಂಟೆಗೆ ಮತ್ತೆ ಸುದ್ದಿ ಕಳಿಸುವುದು ಎಂದು ಒಂದು ಕಾಗದದಲ್ಲಿ ಬರೆದು ನಂಬಿಗೆಯವರ ಕೈಗೆ ಕೊಟ್ಟು ಹೊರಡುತ್ತಾರೆ. ಹೇಳಿದ ಹೊತ್ತಿಗೆ ಸುದ್ದಿ ಬರದಿದ್ದರೆ ಏನು ಮಾಡಬೇಕೆಂಬುದನ್ನೂ ಬರೆದಿರುತ್ತಾರೆ. ಮೊಬೈಲು ಹತ್ತದ ಕಡೆ ಉಪಗ್ರಹದ ಮೂಲಕ ಸುದ್ದಿ ಕಳಿಸುವ ಸಣ್ಣ ಯಂತ್ರಗಳು ಈಗ ಬಂದಿವೆ. ನಮ್ಮ ದೇಶದಲ್ಲಿ ಅವನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ಕಾಗದಕ್ಕೆ ಆ ತೊಂದರೆಯಿಲ್ಲ.

ಚಿತ್ರ ತಂದ ಹುಡುಗಿ ಈ ಲೆಕ್ಕವನ್ನೆಲ್ಲ ಕೇಳಿ ಸುಮ್ಮನಾಗಲಿಲ್ಲ. ದಿನಕ್ಕೆ 10 ಲೀಟರಿನಲ್ಲಿ ಇರಬಹುದೋ ಇಲ್ಲವೋ ಮಾಡಿ ನೋಡೋಣವೆಂದು ಇಬ್ಬರು ಗೆಳತಿಯರನ್ನು ಕೂಡಿಸಿಕೊಂಡಳು. ಫೆಬ್ರುವರಿಯ ಒಂದು ರವಿವಾರ ಮೂವರೂ ತಮ್ಮ ತಮ್ಮ ಮನೆಯಲ್ಲಿ ಹತ್ತು ಲೀಟರಿನ ಬಕೆಟ್ಟು ತುಂಬಿಟ್ಟರು. ಕುಡಿಯುವುದಕ್ಕೆ ಕಡಿಮೆ ಮಾಡಕೂಡದೆಂದು ನಾನು ಮೊದಲೇ ಕರಾರು ಹಾಕಿದ್ದೆ. ಸೋಮವಾರ ಕರಿಹಲಗೆಯ ಮೇಲೆ ಲೆಕ್ಕ ಬರೆದರು. ಒಬ್ಬಳದು ಮುಂಜಾನೆ ಮುಖ ತೊಳೆಯುವಾಗಲೇ ಮೂರು ಲೀಟರು ಹೋಗಿತ್ತು. ಇನ್ನೊಬ್ಬಳದು ಮಧ್ಯಾಹ್ನದ ಪಾತ್ರೆಗೆ ಮುಗಿಯಿತು. ಚಿತ್ರ ತಂದವಳದು ರಾತ್ರಿ ಎರಡು ಲೀಟರು ಉಳಿದಿತ್ತು. ಹೇಗೆಂದು ಕೇಳಿದರೆ, ಇಡೀ ದಿನ ಅಜ್ಜಿ ಮಾಡಿದಂತೆ ಮಾಡಿದೆ, ಅಕ್ಕಿ ತೊಳೆದ ನೀರಿನಲ್ಲೇ ಪಾತ್ರೆ ತೊಳೆದೆ, ಆ ನೀರನ್ನು ತುಳಸಿಗೆ ಹಾಕಿದೆ ಎಂದಳು.